ಯೂನಿವರ್ಸಿಟಿಯ ಮನೆ ನೋಡಿದ್ದು

ಮಗಳಿಗೆ ಗಂಡು ಹುಡುಕುವುದಕ್ಕಿಂತ ಯೂನಿವರ್ಸಿಟಿ ಹುಡುಕುವುದು ಕಷ್ಟ ಎಂದು ನನಗೆ ಯಾರೂ ಹೇಳಿರಲಿಲ್ಲ. ಗಂಡಾದರೆ ಅವನ ಚಿಕ್ಕಪ್ಪನನ್ನೋ ಸೋದರಮಾವನನ್ನೋ ಹಿಡಿದು ಗುಣ ವಿಚಾರಿಸಬಹುದು. ಯೂನಿವರ್ಸಿಟಿಗೆ ಸೋದರಮಾವ ಎಲ್ಲಿಂದ ಬರಬೇಕು?

ನಮ್ಮ ಅಂಜಲಿ ಹೊಳಲ್ಕೆರೆಯಲ್ಲಿ ಬಿ.ಎಸ್ಸಿ. ಮುಗಿಸಿ ಎಂ.ಎಸ್ಸಿ.ಗೆ ಎರಡು ಕಡೆ ಸೀಟು ಗಿಟ್ಟಿಸಿದ್ದಳು. ಒಂದು ಚಿತ್ರದುರ್ಗದಲ್ಲಿ, ದಿನಾ ಮನೆಯಿಂದ ಹೋಗಿ ಬರಬಹುದು. ಇನ್ನೊಂದು ಬಸ್ಸಿನಲ್ಲಿ ಆರು ಗಂಟೆ ದೂರ, ಹಾಸ್ಟೆಲೇ ಗತಿ. ಅವಳ ಮನಸ್ಸೆಲ್ಲ ಆ ದೂರದ್ದರ ಮೇಲೆ. ಅಲ್ಲಿನ ವಾತಾವರಣ ತನಗೆ ಹೊಂದುತ್ತದಂತೆ. ಹೊಂದುವುದಕ್ಕೆ ಅದೇನು ಚಪ್ಪಲಿಯೇ?

ನನ್ನ ಭಯ ಬೇರೆಯೇ ಇತ್ತು. ಪಿಯುಸಿಯಲ್ಲಿದ್ದಾಗ ಯಾವುದೋ ವಿಜ್ಞಾನ ಶಿಬಿರದಲ್ಲಿ ಅವಳು 'ಐತೆ' ಅಂದದ್ದಕ್ಕೆ ಪೇಟೆ ಹುಡುಗಿಯರು ನಕ್ಕಿದ್ದರು. ಮೂರು ದಿನ ಬಾಯಿ ಬಿಡದೆ ಇದ್ದು ಬಂದಿದ್ದಳು. ಇನ್ನು ಎರಡು ವರ್ಷ ಹಾಗೇ ಇರಬೇಕಾದರೆ ಮಗು ಏನಾದೀತು? (ಇದನ್ನು ಯಾರಿಗೂ ಹೇಳಲಿಲ್ಲ. ಸೊಳ್ಳೆ, ನೀರು, ಬಸ್ಸಿನ ರಶ್ಶು ಎಂದು ಬೇರೆ ಕಾರಣಗಳನ್ನು ಮುಂದಿಟ್ಟೆ.)

ಶುಕ್ರವಾರ ಸಂಜೆ ಐದರೊಳಗೆ ಎರಡರಲ್ಲಿ ಒಂದನ್ನು ಮೊಬೈಲಿನಲ್ಲಿ ಒಪ್ಪಿ ಒತ್ತಬೇಕಿತ್ತು. ಒತ್ತಿದರೆ ಮುಗಿಯಿತು, ಬದಲಾಯಿಸುವಂತಿಲ್ಲ. ಮನೆ ನೋಡದೆ ಹೆಣ್ಣು ಕೊಡುವ ವಂಶ ನಮ್ಮದಲ್ಲ ಎಂದು ಘೋಷಿಸಿ, ಅದೇ ಶುಕ್ರವಾರ ಬೆಳಗಿನ ಮೊದಲ ಬಸ್ಸಿಗೆ ಹೆಂಡತಿ ಮಂಗಳಾ, ಮಗಳು ಇಬ್ಬರನ್ನೂ ಹೊರಡಿಸಿದೆ. ಹತ್ತಾರು ಹುಳುಕು ಹುಡುಕಿ, ಚಿತ್ರದುರ್ಗವನ್ನೇ ಒತ್ತಿಸುವುದು ನನ್ನ ರಾಜತಂತ್ರ.

ಗೇಟಿನ ಕಾವಲುಗಾರನನ್ನೂ ಎದುರಿನ ಟೀ ಅಂಗಡಿಯವನನ್ನೂ ವಿಚಾರಣೆಗೆ ಒಳಪಡಿಸಿದೆ. ನೀರಿನ ಟ್ಯಾಂಕು ಹತ್ತಿ ಇಣುಕಿದೆ. ಕಾಂಪೌಂಡಿನ ಎತ್ತರವನ್ನು ಗೇಣು ಹಾಕಿ ಅಳೆದೆ. ಮಂಗಳಾ ಹತ್ತು ಮಾರು ದೂರದಲ್ಲಿ, ಬೇರೆ ಯಾರದೋ ಹೆಂಡತಿಯ ಹಾಗೆ ನಡೆಯುತ್ತಿದ್ದಳು. ಹಾಸ್ಟೆಲಿನ ವಾರ್ಡನ್ ಮೇಡಂ ಬಳಿ, ಇಲ್ಲಿನ ಮಕ್ಕಳ ನಡತೆ ಹೇಗೆ, ಗುಣ ಹೇಗೆ ಎಂದೆಲ್ಲ ಕೇಳಿದೆ. ಆಕೆ ಅದೇ ಪ್ರಶ್ನೆಯನ್ನು ನಮ್ಮ ಹುಡುಗಿಯ ಬಗ್ಗೆ ಕೇಳಿ ನನ್ನನ್ನು ತಬ್ಬಿಬ್ಬು ಮಾಡಿ, ಊಟಕ್ಕೆ ಎಬ್ಬಿಸಿದರು.

ಬೇಡವೆಂದೆ. ಅಷ್ಟರಲ್ಲಿ ಒಳಗಿಂದ ಹುರುಳಿಕಾಳು ಬಸ್ಸಾರಿನ ಘಮ ಬಂತು. ಬೆಳಗಿನಿಂದ ಒಂದು ಬನ್ನಿನ ಮೇಲಿದ್ದ ಹೊಟ್ಟೆ ನನ್ನ ಮಾತು ಕೇಳಲಿಲ್ಲ. ಅಡುಗೆಯ ಓಬಮ್ಮ ನಮ್ಮ ಜಿಲ್ಲೆಯವಳೇ, ಹಿರಿಯೂರಿನ ಕಡೆಯ ಹರಿಯಬ್ಬೆಯವಳು. ಮುದ್ದೆ ಮುರಿಯುತ್ತಿದ್ದಾಗ ಎದುರು ಸಾಲಿನ ಹುಡುಗಿಯೊಬ್ಬಳು ಜೋರಾಗಿ, "ಓಬಮ್ಮಕ್ಕಾ, ಇನ್ನೊಂದ್ ಮುದ್ದೆ ಐತಾ?" ಎಂದಳು. ಯಾರೂ ನಗಲಿಲ್ಲ. ಅಂಜಲಿ ಆಗಲೇ ಅವಳ ಪಕ್ಕ ಕುಳಿತು, ನಮ್ಮ ಮಾತಿನಲ್ಲೇ ಏನೋ ವಾದಕ್ಕೆ ಬಿದ್ದಿದ್ದಳು. ನನ್ನ ಎದೆ ಹಗುರಾಯಿತು. ಆ ಖುಷಿಗೆ ಎರಡನೆಯ ಮುದ್ದೆ ಹಾಕಿಸಿಕೊಂಡೆ.

ಮೂರನೆಯದಕ್ಕೆ ತಟ್ಟೆ ಚಾಚಿದಾಗ ಮಂಗಳಾ ತಣ್ಣಗೆ ಬಾಯಿ ತೆರೆದಳು.

"ಮನೆ ನೋಡಕ್ ಹೋದೋರು ಒಪ್ಪಿಗೆ ಆಗಾಗಂಟ ಊಟ ಮುಟ್ಟಲ್ಲ ಕಣ್ರಿ. ನನ್ ತಂಗಿಗೆ ಬಿ.ದುರ್ಗದಾಗೆ ಗಂಡಿನ ಮನೆ ನೋಡಕ್ ಹೋದಾಗ ನೀವು ನೀರು ಸೈತ ಕುಡೀಲಿಲ್ಲ. ಇಲ್ಲಿ ಮೂರನೇ ಮುದ್ದೆ ನಡೀತೈತೆ. ಅಂಜಲಿ, ಒತ್ತವ್ವ."

ನನ್ನ ಗಂಟಲಿನ ತುತ್ತು ಕೆಳಗಿಳಿಯುವಷ್ಟರಲ್ಲಿ ಮಗಳು ಒತ್ತಿಯಾಗಿತ್ತು.

ಆಗಲಿ ಎಂದು ಸಮಾಧಾನ ಮಾಡಿಕೊಂಡೆ. ಕೈ ತೊಳೆಯುವಾಗ ಓಬಮ್ಮನಿಗೆ, ನನ್ನ ಮಗಳಿಗೂ ದಿನಾ ಹೀಗೇ ಬಿಸಿ ಮುದ್ದೆ ಹಾಕವ್ವ ಎಂದು ಒಪ್ಪಿಸಿದೆ.

"ದಿನಾ ಎಲ್ಲಿ ಮುದ್ದೆ ಸ್ವಾಮಿ? ಅನ್ನ, ತಿಳಿಸಾರು ಅಷ್ಟೇಯ. ನಮ್ ಕಡೆ ಹುಡ್ಗೀರು ಓದು ಮುಗಿಸ್ಕಂಡು ನಾಳೆ ಊರಿಗೆ ಹೋಗ್ತಾರೆ. ಅವ್ರು ಕೇಳ್ಕಂಡ್ರು ಅಂತ ಇವತ್ತು ಮಾಡಿದ್ದು."

ಮುದ್ದೆ ಹೋದರೆ ಹೋಗಲಿ, 'ಐತಾ' ಅನ್ನುವವಳೂ ಹೊರಟಳಲ್ಲ. ಓಡಿಹೋಗಿ ಅಂಜಲಿಯನ್ನು ಹಿಡಿದು, ಇಷ್ಟು ದಿನ ಬಚ್ಚಿಟ್ಟ ಭಯವನ್ನೆಲ್ಲ ಒಂದೇ ಉಸಿರಿಗೆ ಕಕ್ಕಿದೆ: ಇಲ್ಲಿ ನಿನ್ನ ಮಾತಿಗೆ ಮತ್ತೆ ನಗುತ್ತಾರೆ, ವಾರ್ಡನ್ ಕಾಲು ಹಿಡಿದಾದರೂ ಬದಲಾಯಿಸೋಣ.

ಅವಳು ನನ್ನ ಅಂಗಿಗೆ ಅಂಟಿದ್ದ ಬಸ್ಸಾರನ್ನು ಒರೆಸಿದಳು.

"ನಕ್ರೆ ನಗ್ಲಿ ಬಿಡಪ್ಪ, ಈಗ ನಂಗೆ ತಿರುಗಿ ಕೇಳಕ್ ಬರ್ತೈತೆ. ಆ ಅಕ್ಕ ನಾಳೆ ಹೋಗ್ತಾಳೆ ಅಂತ ಗೊತ್ತಿದ್ದೇ ಒತ್ತಿದ್ದು. ನಾನು ಜಾಗ ನೋಡಿ ಒಪ್ಪಿದೀನಿ. ಮುದ್ದೆ ನೋಡಿ ಒಪ್ಪಿದೋನು ನೀನು."