ಅತ್ತಿಗೆಯ ಹಬೆಪೆಟ್ಟಿಗೆ

ನಮ್ಮ ಅತ್ತಿಗೆ ಹಲ್ಲಿನ ಡಾಕ್ಟರು. ಆದರೆ ಅವರ ಪ್ರೀತಿಯೆಲ್ಲ ಹಲ್ಲಿನ ಮೇಲಲ್ಲ, ಹಲ್ಲು ಕೀಳುವ ಇಕ್ಕಳದ ಮೇಲೆ ಎಂದರೆ ನೀವು ನಂಬಲಿಕ್ಕಿಲ್ಲ. ಬೇಕಾದರೆ ನನ್ನ ಅಣ್ಣನನ್ನು ಕೇಳಿ. ಮದುವೆಯಾದ ಹೊಸದರಲ್ಲಿ ಅವನು ಜ್ವರ ಬಂದು ಮಲಗಿದ್ದಾಗ ಅತ್ತಿಗೆ ಅವನ ಹಣೆ ಮುಟ್ಟಿ ನೋಡಿ, ಮಾತ್ರೆ ಕೊಟ್ಟು, ಕ್ಲಿನಿಕ್ಕಿಗೆ ಹೊರಟುಹೋದರು. ಅದೇ ವಾರ ಕ್ಲಿನಿಕ್ಕಿನಲ್ಲಿ ಹಲ್ಲು ಕೊರೆಯುವ ಸಾಮಾನಿಗೆ ಗಾಳಿ ಒದಗಿಸುವ ಗಾಳಿ ಯಂತ್ರ ಏನೋ ಕರಕರ ಸದ್ದು ಮಾಡಿತೆಂದು ಊಟ ಬಿಟ್ಟು ಕೂತರು. "ನಾನೂ ಒಸಿ ಕರಕರ ಅನ್ಬೇಕಿತ್ತು ಕಣ್ಲಾ" ಎಂದು ಅಣ್ಣ ನನ್ನ ಹತ್ತಿರ ಹೇಳಿಕೊಂಡ.

ಚನ್ನಪಟ್ಟಣದಲ್ಲಿ ನಾವೆಲ್ಲ ಒಂದೇ ಮನೆಯಲ್ಲಿದ್ದೇವೆ. ಅವ್ವ, ಬಿಡದಿಯ ಕಾರ್ಖಾನೆಗೆ ಹೋಗಿಬರುವ ಅಣ್ಣ, ಅತ್ತಿಗೆ, ಮತ್ತೆ ಕಾಲೇಜಿನಲ್ಲಿ ಪಾಠ ಹೇಳಿಕೊಂಡಿರುವ ನಾನು. ಅತ್ತಿಗೆಯ ಕ್ಲಿನಿಕ್ಕು ಹತ್ತಿರದಲ್ಲೇ ಇದೆ. ಅದರ ದೇವರ ಕೋಣೆ ಎಂದರೆ ಹಿಂದಿನ ಸಣ್ಣ ರೂಮು. ಅಲ್ಲಿ ಆಟೋಕ್ಲೇವ್ ಎಂಬ ಯಂತ್ರವಿದೆ. ಮನೆಯಲ್ಲಿ ನಾವು ಅದನ್ನು ಹಬೆಪೆಟ್ಟಿಗೆ ಎನ್ನುತ್ತೇವೆ. ಜನರ ಬಾಯೊಳಗೆ ಹೋಗುವ ಸಾಮಾನುಗಳನ್ನೆಲ್ಲ ತೊಳೆದು, ಪೊಟ್ಟಣ ಮಾಡಿ, ಅದರೊಳಗಿಟ್ಟು ಹಬೆಯಲ್ಲಿ ಬೇಯಿಸುತ್ತಾರೆ. ಜೊತೆಗೆ ಒಂದು ಕಾಗದದ ಪಟ್ಟಿ ಇಡುತ್ತಾರೆ. ಹಬೆಯೂ ಬಿಸಿಯೂ ಸರಿಯಾಗಿ ತಾಗಿದ್ದರೆ ಪಟ್ಟಿ ಕಪ್ಪಾಗುತ್ತದೆ. ಆಗದಿದ್ದರೆ ಒಳಗಿನ ಒಂದು ಸಾಮಾನೂ ಯಾರ ಬಾಯಿಗೂ ಹೋಗುವ ಹಾಗಿಲ್ಲ. ಬೆಳ್ಳಗಾಗಲು ಏನೇನೋ ಬಳಿದುಕೊಳ್ಳುವ ಈ ಲೋಕದಲ್ಲಿ ಕಪ್ಪು ಕಂಡರೆ ಇಷ್ಟು ಖುಷಿಪಡುವ ಹೆಂಗಸು ಇನ್ನೊಬ್ಬರಿದ್ದಾರೆಯೇ?

ಈ ಗುಣ ಅವರಿಗೆ ಡೆಂಟಲ್ ಕಾಲೇಜಿನಲ್ಲಿ ಬಂದದ್ದೇನಲ್ಲ. ತೌರು ಅಕ್ಕೂರು. ಅವರ ಅಪ್ಪ ರೇಷ್ಮೆಹುಳ ಸಾಕುವವರು. ಹುಳದ ಮನೆಯ ಬಾಗಿಲಲ್ಲಿ ಸುಣ್ಣದ ಪುಡಿ ಹಾಸಿರುತ್ತದೆ, ಅದನ್ನು ತುಳಿಯದೆ ಒಳಗೆ ಕಾಲಿಡುವಂತಿಲ್ಲ. ಸೆಂಟು ಬಳಿದುಕೊಂಡವರಿಗಂತೂ ಪ್ರವೇಶವೇ ಇಲ್ಲ. ಅಣ್ಣ ಹೆಣ್ಣು ನೋಡಲು ಹೋದ ದಿನ ಘಮಘಮ ಅನ್ನುತ್ತಿದ್ದ. ಹುಳ ನೋಡುತ್ತೇನೆಂದು ಸಲಿಗೆಯಿಂದ ಎದ್ದ. ಭಾವೀ ಮಾವ ಬಾಗಿಲಿಗೆ ಅಡ್ಡ ನಿಂತು, "ನೀವು ಹುಡ್ಗಿ ನೋಡಿ ಸಾಕು, ಹುಳ ಇನ್ನೊಂದ್ಸಲ ನೋಡೀರಂತೆ" ಎಂದರು. ಅವನು ಹುಡುಗಿಯನ್ನೇ ನೋಡಿದ. ಅವಳೂ ಅವನಿಗೆ ಕೈತೊಳೆಯಲು ನೀರು ಕೊಟ್ಟ ಮೇಲೆಯೇ ಕಾಫಿ ಕೊಟ್ಟಳು.

ಒಂದು ಸಲ ಮಾಗಡಿಯಲ್ಲಿ ನೆಂಟರ ಮದುವೆ. ಅತ್ತಿಗೆ ರೇಷ್ಮೆ ಸೀರೆ ಉಟ್ಟುಕೊಂಡೇ ಕ್ಲಿನಿಕ್ಕಿಗೆ ಹೋಗಿ, ನೋವೆಂದು ಬಂದವರೊಬ್ಬರ ಎಕ್ಸ್-ರೇ ತೆಗೆದು, ಅಲ್ಲಿಂದಲೇ ಕಾರು ಹತ್ತಿದರು. ಎಕ್ಸ್-ರೇ ತೆಗೆಯುವವರು ಎದೆಯ ಮೇಲೆ ಒಂದು ಬ್ಯಾಡ್ಜ್ ಹಾಕಿಕೊಂಡಿರಬೇಕು. ಮೈಗೆ ಎಷ್ಟು ಕಿರಣ ತಾಗಿದೆ ಎಂಬುದು ಅದರಿಂದ ಗೊತ್ತಾಗುತ್ತದಂತೆ. ಅವಸರದಲ್ಲಿ ಅದು ಸೀರೆಯ ಮೇಲೆಯೇ ಉಳಿದುಬಿಟ್ಟಿತ್ತು. ಛತ್ರದಲ್ಲಿ ಯಜಮಾನರೊಬ್ಬರು ನೇರ ಅತ್ತಿಗೆಯ ಹತ್ತಿರ ಬಂದು, ಊಟದ ಉಸ್ತುವಾರಿಯವರ ಬ್ಯಾಡ್ಜೆಂದುಕೊಂಡು ಅದನ್ನೇ ನೋಡುತ್ತ ಕೇಳಿದರು: "ಏನವ್ವಾ, ಎರಡನೇ ಪಂಕ್ತಿ ಯಾವಾಗ ಕೂರ್ಸ್ತೀರಿ?"

ಅತ್ತಿಗೆ ಕೆಳಗೆ ನೋಡಿಕೊಂಡರು. ಮುಖ ಬಿಳಿಚಿಕೊಂಡಿತು. ಬ್ಯಾಡ್ಜು ಕ್ಲಿನಿಕ್ಕು ಬಿಟ್ಟು ಹೊರಗೆ ಬರಬಾರದು, ಬಿಸಿಲು ತಾಗಿದರೆ ಲೆಕ್ಕ ಕೆಡುತ್ತದೆ, ಈಗಲೇ ವಾಪಸು ಇಡಬೇಕು. ಅಣ್ಣ, "ಧಾರೆ ಮುಗೀಲಿ ಇರು" ಎಂದ. ಅತ್ತಿಗೆ, "ಮದುವೆ ಮಾಡ್ಕೊಳೋರು ಮಾಡ್ಕೋತಾರೆ, ನೀವು ಗಾಡಿ ತೆಗೀರಿ" ಎಂದರು. ಇಬ್ಬರೂ ಚನ್ನಪಟ್ಟಣಕ್ಕೆ ಹೋಗಿ ಬ್ಯಾಡ್ಜನ್ನು ಅದರ ಜಾಗದಲ್ಲಿ ತೂಗುಹಾಕಿ ಬರುವಷ್ಟರಲ್ಲಿ ಛತ್ರದಲ್ಲಿ ಶಾಮಿಯಾನ ಬಿಚ್ಚುತ್ತಿದ್ದರು. ಅಣ್ಣನಿಗೆ ಸಿಕ್ಕಿದ್ದು ತಾಂಬೂಲದ ಚೀಲ ಮಾತ್ರ.

ತಪಾಸಣೆಗೆ ಅಧಿಕಾರಿಗಳು ಬರುತ್ತಾರೆಂದರೆ ಬೇರೆಯವರಿಗೆ ಎದೆ ಹೊಡೆದುಕೊಳ್ಳುತ್ತದೆ. ಅತ್ತಿಗೆಯದು ಬೀಗರು ಬರುವ ಮನೆಯ ಸಡಗರ. ಹೋದ ವರ್ಷ ಒಬ್ಬರು ಬಂದಿದ್ದರು. ಪಾಪ, ಒಳ್ಳೆಯ ಮನುಷ್ಯ, ಎಲ್ಲ ಒಮ್ಮೆ ನೋಡಿಕೊಂಡು ಹೋಗೋಣವೆಂದುಕೊಂಡಿದ್ದಿರಬೇಕು. ಅತ್ತಿಗೆ ಬಿಟ್ಟಾರೆಯೇ? ಬೆಂಕಿ ನಂದಿಸುವ ಸಿಲಿಂಡರ್ ತೋರಿಸಿದರು. ಎಕ್ಸ್-ರೇ ಯಂತ್ರದ ಪರೀಕ್ಷೆ ಆದದ್ದನ್ನು ವಿವರಿಸಿದರು. ಗಾಳಿ ಯಂತ್ರದ ತೊಟ್ಟಿಯಿಂದ ದಿನಾ ನೀರು ಬಸಿಯದಿದ್ದರೆ ಒಳಗೆ ತುಕ್ಕು ಹಿಡಿದು ಎಂಥ ಅನಾಹುತವಾಗಬಹುದೆಂದು ಅವರನ್ನೇ ಬಗ್ಗಿಸಿ ತೋರಿಸಿದರು. ಕೊನೆಗೆ ಆ ಅಧಿಕಾರಿ ಬಾಗಿಲ ಕಡೆ ಸರಿಯುತ್ತ, "ಮೇಡಂ, ಎಲ್ಲಾ ಸರಿಯಾಗಿದೆ. ನಾನು ಊಟಕ್ಕೆ ಹೋಗಬಹುದಾ?" ಎಂದು ಅನುಮತಿ ಕೇಳಿದರಂತೆ. ಯಾರು ಯಾರನ್ನು ತಪಾಸಣೆ ಮಾಡಿದರೋ ದೇವರಿಗೇ ಗೊತ್ತು.

ಇವೆಲ್ಲವನ್ನೂ ಸಹಿಸಲಾರದವಳು ನಮ್ಮ ಅವ್ವ. ಕ್ಲಿನಿಕ್ಕಿನ ಕಸಕ್ಕೆ ಹಳದಿ, ಕೆಂಪು ಎಂದು ಬೇರೆ ಬೇರೆ ಬಣ್ಣದ ಚೀಲಗಳಿವೆ. ಆ ಅಭ್ಯಾಸ ಮನೆಗೂ ಬಂದು, ಅಡಿಗೆಮನೆಯಲ್ಲಿ ಡಬ್ಬಗಳ ಸಾಲು ನಿಂತಿತು. "ಬಾಳೆಹಣ್ಣು ತಿನ್ನಾಕಿಂತ ಸಿಪ್ಪೆ ಬಿಸಾಕಾದೇ ಕಷ್ಟ ಆಗೋಯ್ತು" ಎಂದು ಅವ್ವ ಬೀದಿಯವರ ಮುಂದೆ ದೂರುತ್ತಿದ್ದಳು.

ಆ ಅವ್ವನಿಗೇ ಈಚೆಗೆ ದವಡೆ ಹಲ್ಲು ನೋಯತೊಡಗಿತು. ಹೇಳಿದರೆ ಕುರ್ಚಿ ಮೇಲೆ ಕೂರಿಸುತ್ತಾರೆಂಬ ಭಯಕ್ಕೆ ಲವಂಗ ಕಚ್ಚಿಕೊಂಡು ಬಾಯಿ ಮುಚ್ಚಿಕೊಂಡಿದ್ದಳು. ಒಂದು ಬೆಳಿಗ್ಗೆ ಕೆನ್ನೆ ಊದಿ ಕಣ್ಣಿನವರೆಗೆ ಏರಿತ್ತು. ಅವಳಿಗೆ ಸಕ್ಕರೆ ಕಾಯಿಲೆ ಬೇರೆ. ಅತ್ತಿಗೆ ನೋಡಿದವರೇ ರಕ್ತ ಪರೀಕ್ಷೆ ಮಾಡಿಸಿ, ಮಾತ್ರೆ ಶುರು ಮಾಡಿದರು. ಊತ ಒಸಿ ಇಳಿದ ಮೇಲೆ ಹಲ್ಲು ಕೀಳಬೇಕೆಂದರು. ಅವ್ವನನ್ನು ಒಪ್ಪಿಸುವುದಕ್ಕೆ ಮನೆಮಂದಿಯೆಲ್ಲ ಸೇರಬೇಕಾಯಿತು. ಗೊತ್ತು ಮಾಡಿದ ದಿನ ಅಣ್ಣ ಕೆಲಸಕ್ಕೆ ಹೋಗಿದ್ದ. ನಾನೇ ಅವ್ವನ ಕೈಹಿಡಿದು ಕರೆದುಕೊಂಡು ಹೋದೆ.

ಅವ್ವ ಕುರ್ಚಿಯ ಮೇಲೆ ಕೂತಳು. ಎದೆಗೆ ಬಟ್ಟೆ ಕಟ್ಟಿದ್ದಾಯಿತು. ಕಣ್ಣು ಮುಚ್ಚಿ ಮನೆದೇವರನ್ನು ನೆನೆದು ಬಾಯಿ ತೆರೆದಳು. ಅತ್ತಿಗೆ ಹಿಂದಿನ ರೂಮಿಗೆ ಹೋಗಿ ಹಬೆಪೆಟ್ಟಿಗೆಯ ಬಾಗಿಲು ತೆಗೆದರು. ಎಷ್ಟು ಹೊತ್ತಾದರೂ ಬರಲಿಲ್ಲ. ಆಮೇಲೆ ಕೈಯಲ್ಲಿ ಪಟ್ಟಿ ಹಿಡಿದುಕೊಂಡು ಬಂದು ನಿಂತರು. ಪಟ್ಟಿ ಕಂದು ಬಣ್ಣಕ್ಕೆ ತಿರುಗಿ ಅಲ್ಲೇ ನಿಂತುಬಿಟ್ಟಿತ್ತು.

"ಅತ್ತೆ, ಇಳೀರಿ" ಎಂದರು.

ಅವ್ವ ಕಣ್ಣು ಬಿಟ್ಟಳು. "ಇಳಿಯಾದಾ? ಯಾಕವ್ವ?"

"ಪಟ್ಟಿ ಕಪ್ಪಾಗಿಲ್ಲ. ಬಾಗಿಲಿನ ರಬ್ಬರ್ ಹೋಗಿರಬೇಕು, ಹಬೆ ನಿಲ್ತಿಲ್ಲ. ಹಿಂದೆ ಬೇಯಿಸಿಟ್ಟಿದ್ದ ಸಾಮಾನೂ ಮುಗಿದೋಗಿದೆ. ರಿಪೇರಿಯವರು ನಾಳೆ ಬರ್ತಾರಂತೆ."

"ದೇವ್ರ ಮ್ಯಾಲೆ ಭಾರ ಹಾಕಿ ಬಾಯಿ ತಗ್ದಿವ್ನಿ. ಈಗ ಇಳಿ ಅಂತೀಯಲ್ಲ. ಮನೇಲಿ ಕುಕ್ಕರ್ ಐತೆ ಕಣವ್ವ, ನಾಕು ಕೂಗು ಕೂಗ್ಸಿ ತಕ್ಕಂಬಾ."

"ಆಗಲ್ಲ ಅತ್ತೆ."

"ನಾನೇನು ಹೊರಗ್ನೋಳಾ? ನಿನ್ನ ಮ್ಯಾಲೆ ಕೇಸು ಹಾಕ್ತೀನಾ?"

ಅತ್ತಿಗೆ ಅವ್ವನ ಎದೆಗೆ ಕಟ್ಟಿದ್ದ ಬಟ್ಟೆ ಬಿಚ್ಚಿದರು. ಹೊರಗೆ ಕಾಯುತ್ತಿದ್ದವರಿಗೂ ಕೈಮುಗಿದು ಇವತ್ತು ಆಗುವುದಿಲ್ಲವೆಂದು ಕಳಿಸಿದರು. ರಾಮನಗರದಲ್ಲಿ ಅವರ ಜೊತೆ ಓದಿದ ಗೆಳತಿಯೊಬ್ಬರ ಕ್ಲಿನಿಕ್ಕಿದೆ. ಅಲ್ಲಿಗೆ ಫೋನು ಮಾಡಿ, ನನಗೆ ಕಾರು ತೆಗೆಯಲು ಹೇಳಿದರು.

ದಾರಿಯುದ್ದಕ್ಕೂ ಅವ್ವ ಹಿಂದಿನ ಸೀಟಿನಲ್ಲಿ ಕೆನ್ನೆ ಹಿಡಿದುಕೊಂಡು ಗೊಣಗುತ್ತಿದ್ದಳು. "ಸೊಸೆ ಡಾಕ್ಟ್ರು ಅಂತ ಊರೆಲ್ಲಾ ಹೇಳ್ಕಂಡು ತಿರುಗ್ದೆ. ಹಲ್ಲು ಕೀಳ್ಸಕೆ ಪರ ಊರಿಗೆ ಹೊಂಟಿವ್ನಿ ನೋಡು." ಅತ್ತಿಗೆ ಕಿಟಕಿಯಾಚೆ ನೋಡುತ್ತ ಕೂತಿದ್ದರು. ನನಗೂ ಒಳಗೊಳಗೆ ಸಿಟ್ಟು ಬರುತ್ತಿತ್ತು. ಒಂದು ಕಾಗದದ ಚೂರಿಗಾಗಿ ಮುದುಕಿಯನ್ನು ಇಷ್ಟು ಅಲೆಸಬೇಕೇ?

ಗೆಳತಿಯ ಕ್ಲಿನಿಕ್ಕಿನಲ್ಲಿ ಅತ್ತಿಗೆ ಒಳಗೆ ಕಾಲಿಟ್ಟವರೇ, ಚೆನ್ನಾಗಿದ್ದೀಯಾ ಎಂದೂ ಕೇಳದೆ, "ನಿಂದು ಇವತ್ತಿನ ಪಟ್ಟಿ ಎಲ್ಲಿ?" ಎಂದರು. ಗೆಳತಿ ನಗುತ್ತ ಮೇಜಿನ ಕಡೆ ಕೈ ತೋರಿಸಿದರು. ಅಲ್ಲಿ ತಟ್ಟೆಯೊಂದರಲ್ಲಿ, ಪೂಜೆಗೆ ಎತ್ತಿಟ್ಟ ಹಾಗೆ, ಕಪ್ಪಗಿನ ಪಟ್ಟಿ ಇತ್ತು. "ನೀನು ಬರ್ತೀಯ ಅಂದ ತಕ್ಷಣ ತೆಗೆದಿಟ್ಟೆ ಕಣೇ. ಕೂರಿಸು ನಿಮ್ಮತ್ತೇನ, ಕಿತ್ತು ಕಳಿಸ್ತೀನಿ."

ಅವ್ವ ಕುರ್ಚಿ ಹತ್ತಿದಳು. ಆದರೆ ಗೆಳತಿ ಹತ್ತಿರ ಬಂದಾಗ ಬಾಯಿ ತೆರೆಯಲಿಲ್ಲ. ತುಟಿ ಬಿಗಿಹಿಡಿದು ತಲೆ ಆಡಿಸಿದಳು.

"ಯಾಕಮ್ಮ, ನೋವಾಗಲ್ಲ" ಎಂದರು ಗೆಳತಿ.

"ನೋವಿಗಲ್ಲ ಕಣವ್ವ. ನೀನೂ ಒಳ್ಳೇ ಡಾಕ್ಟ್ರೇ ಇರ್ಬೌದು. ನಂಗೊತ್ತಿಲ್ಲ." ಅವ್ವ ಅತ್ತಿಗೆಯ ಕಡೆ ಬೆರಳು ಮಾಡಿದಳು. "ಇವ್ಳೇ ಕೀಳ್ಲಿ. ಸ್ವಂತ ಅತ್ತೇನೇ ಕುರ್ಚಿಯಿಂದ ಎಬ್ಬಿಸ್ದೋಳು ಇವ್ಳು. ಇವ್ಳ ಕೈಗಾದ್ರೆ ಬಾಯಿ ತಗೀತೀನಿ."

ನಾನು ಕಾರಿನಲ್ಲಿ ಕೇಳಿಸಿಕೊಂಡ ಗೊಣಗಾಟವೆಲ್ಲ ಯಾವ ಅವ್ವನದು ಎಂದು ಬೆರಗಾದೆ. ಗೆಳತಿ ಪಕ್ಕಕ್ಕೆ ಸರಿದು ಜಾಗ ಬಿಟ್ಟುಕೊಟ್ಟರು. ಅತ್ತಿಗೆ ಕೈ ತೊಳೆದು, ಗ್ಲೌಸು ಹಾಕಿಕೊಂಡು, ಮರಗಟ್ಟುವ ಇಂಜೆಕ್ಷನ್ ಕೊಟ್ಟರು. ಅವ್ವ ಅವರ ಮುಖವನ್ನೇ ನೋಡುತ್ತಿದ್ದಳು. ಹಲ್ಲು ಕಿತ್ತುಬಂತು. ಆ ಜಾಗಕ್ಕೆ ಹತ್ತಿಯಿಟ್ಟು, "ಗಟ್ಟಿಯಾಗಿ ಕಚ್ಕೊಳ್ಳಿ ಅತ್ತೆ, ಮಾತಾಡಬೇಡಿ" ಎಂದರು.

ಗ್ಲೌಸು ತೆಗೆದುಹಾಕಿ ನಲ್ಲಿಯ ಹತ್ತಿರ ಹೋದವರು ಅಲ್ಲೇ ನಿಂತುಬಿಟ್ಟರು. ನೀರು ಸುರಿಯುತ್ತಲೇ ಇತ್ತು. ಕೈ ತೊಳೆಯುತ್ತಿಲ್ಲ, ಭುಜ ಅಲುಗುತ್ತಿದೆ ಎಂದು ನನಗೆ ಗೊತ್ತಾಗಲು ಸ್ವಲ್ಪ ಹೊತ್ತು ಬೇಕಾಯಿತು.

"ಅಷ್ಟು ನೋವು ತಿಂದು ಬಂದೋರನ್ನ ಎಬ್ಬಿಸಿಬಿಟ್ಟೆ" ಎಂದರು, ಗೋಡೆಯ ಕಡೆಗೇ ಮುಖ ಮಾಡಿಕೊಂಡು. "ಸಕ್ಕರೆ ಇರೋರಿಗೆ ನಂಜಾದ್ರೆ ನಾನು ಯಾರ್ನ ಅತ್ತೆ ಅಂತ ಕರೀಲಿ?"

ಅವ್ವ ಕುರ್ಚಿಯಿಂದ ಇಳಿದಳು. ಬಾಯಿ ತುಂಬ ಹತ್ತಿ, ಒಂದು ಮಾತೂ ಆಡುವಂತಿಲ್ಲ. ಹತ್ತಿರ ಹೋಗಿ ನಲ್ಲಿ ನಿಲ್ಲಿಸಿದಳು. ಸೊಸೆಯ ಗಲ್ಲ ಹಿಡಿದು ತನ್ನ ಕಡೆ ತಿರುಗಿಸಿಕೊಂಡು, ಸೆರಗಿನ ತುದಿಯಿಂದ ಕಣ್ಣು, ಕೆನ್ನೆ, ಮೂಗು ಎಲ್ಲ ಒರೆಸಿದಳು. ಆ ಸೆರಗು ಬೆಳಿಗ್ಗೆಯಿಂದ ಒಲೆಯ ಪಾತ್ರೆ ಇಳಿಸಿತ್ತು, ಬೆವರು ಒರೆಸಿತ್ತು, ಕಾರಿನ ಸೀಟಿನ ಧೂಳು ಝಾಡಿಸಿತ್ತು. ಅತ್ತಿಗೆಗೆ ಅದೆಲ್ಲ ಗೊತ್ತಿತ್ತು. ಆದರೂ ಮುಖ ಒಡ್ಡಿಕೊಂಡು ಹಾಗೇ ನಿಂತಿದ್ದರು.