ಹಾಲಿನ ಪುಡಿಗೆ ಎಷ್ಟು ಮಾರ್ಕ್ಸು?

ಮಾರ್ಕ್ಸ್ ಕೊಡುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಆಗುವುದಿಲ್ಲ. ಪಕ್ಕದ ಮನೆಯ ನಾಗವೇಣಕ್ಕ ಮಾತ್ರ ಇದಕ್ಕೆ ಹೊರತು. ಒಂಟಿ ಕೋಣೆಯ ಬ್ರಹ್ಮಚಾರಿ ನಾನು ಹೆಪ್ಪು ಕೇಳಲು ಹೋದಾಗಲೆಲ್ಲ ಅವರು ಮೊದಲು ನನ್ನ ಲೋಟದೊಳಗೆ ಇಣುಕುತ್ತಾರೆ. "ಎಂತದೋ ಮಾಣಿ ಇದು, ನಿನ್ನೆ ಮಜ್ಜಿಗೆ ತಳದಲ್ಲೇ ಇದ್ದು! ತೊಳಕಂಡು ಬಾ" ಎಂದು ಅಟ್ಟುತ್ತಾರೆ. ಆದರೆ ನನ್ನ ಹಾಲು ಮೊಸರಾಗದಿದ್ದರೆ ತಮ್ಮ ಮಡಕೆಯನ್ನೂ ಒಮ್ಮೆ ಮೂಸಿ ನೋಡುತ್ತಾರೆ. ಕೊಡುವವರು ತಮ್ಮದನ್ನೂ ನೋಡಿಕೊಳ್ಳುವ ಈ ಗುಣಕ್ಕಾಗಿಯೇ ಕಳೆದ ಮಳೆಗಾಲದಲ್ಲಿ ನಾನು ಜಗಳಕ್ಕೆ ನಿಂತದ್ದು.

ಹೊಸನಗರದ ಬ್ಲಾಕ್ ಆಫೀಸಿನಲ್ಲಿ ನಾನು ಗುಮಾಸ್ತ. ನೆರವು ಕೊಟ್ಟರೆ ಯಾವ ದೇಶ ಸರಿಯಾಗಿ ಬಳಸೀತು, ಅದರ ನೀತಿ ಎಂಥದು, ಕಚೇರಿಗಳು ಎಂಥವು ಎಂದು ದೇಶದೇಶಗಳಿಗೆ ಮಾರ್ಕ್ಸ್ ಹಾಕುವ ವಿದೇಶಿ ಸಾಹೇಬರೊಬ್ಬರು ಸಾಗರ ತಾಲೂಕು ಮುಗಿಸಿಕೊಂಡು ನಮ್ಮಲ್ಲಿಗೆ ಬಂದರು. ಶಾಲೆಯ ಉಗ್ರಾಣ ತೆರೆದರೆ, ಅವರ ದೇಶದಿಂದ ಬಂದ ಹಾಲಿನ ಪುಡಿ ಚೀಲದಲ್ಲೇ ಕಲ್ಲಾಗಿತ್ತು. ಹೆಡ್‌ಮಾಸ್ತರರು ಒನಕೆ ಹಿಡಿದು ಕುಟ್ಟುತ್ತಿದ್ದರು. ಸಾಹೇಬರು "ದಾಸ್ತಾನು: ಸೊನ್ನೆ" ಎಂದು ಬರೆದುಕೊಂಡರು. ಸೊನ್ನೆ ಬಿದ್ದರೆ ಮುಂದಿನ ವರ್ಷ ಮಕ್ಕಳಿಗೆ ಹಾಲಿಲ್ಲ.

ನಮ್ಮ ಬಿಡಿಒ "ಯೆಸ್ ಸರ್" ಎಂದರು. ನನಗೆ ತಡೆಯಲಾಗಲಿಲ್ಲ. ಯಾವ ಚೀಲ ಯಾವತ್ತು ಬಂತು, ಯಾವತ್ತು ಗಟ್ಟಿಯಾಯಿತು ಎಂಬುದು ನನ್ನ ಡೈರಿಯಲ್ಲಿತ್ತು. ಉಗ್ರಾಣವಂತೂ ಒಂದು ದಿನವೂ ಸೋರಿರಲಿಲ್ಲ. "ಆಷಾಢದಲ್ಲಿ ಹೊಸನಗರಕ್ಕೆ ಕಾಗದದ ಚೀಲದಲ್ಲಿ ಪುಡಿ ಕಳಿಸಿದವರಿಗೆ ಎಷ್ಟು ಮಾರ್ಕ್ಸು, ಸ್ವಾಮಿ?" ಎಂದೆ.

ಬಿಡಿಒ ನನ್ನ ಅಂಗಿ ಜಗ್ಗಿದರು. "ಬಾಯ್ಮುಚ್ರೀ! ಹಾಲು ನಿಂತ್ರೆ ಮಕ್ಳಿಗೆ ನಿಮ್ ಡೈರಿ ಕುಡಿಸ್ತೀರಾ?"

ಸಾಹೇಬರ ಜೊತೆ ಬಂದಿದ್ದ ದುಭಾಷಿ ಇನ್ನೂ ಗಂಟಲು ಸರಿಮಾಡಿಕೊಳ್ಳುವುದರಲ್ಲೇ ಇದ್ದ. ನಾನೇ ನನ್ನ ಹರುಕು ಇಂಗ್ಲಿಷಿನಲ್ಲಿ ಅದನ್ನೇ ಕೇಳಿ, ಜೊತೆಗೆ ನಾಗವೇಣಕ್ಕನ ಮಡಕೆಯ ಕಥೆಯನ್ನೂ ಹೇಳಿದೆ. ಸಾಹೇಬರು ಗಾಳಿಯ ತೇವಕ್ಕೇ ಒದ್ದೆಯಾಗಿದ್ದ ಚೀಲವನ್ನು ಬೆರಳಿಂದ ಒತ್ತಿದರು. ಕಾಗದ ಹರಿದು ಬೆರಳು ಒಳಗಿನ ಕಲ್ಲಿಗೇ ತಾಗಿತು. ಅವರು ಸೊನ್ನೆಯನ್ನು ಹೊಡೆದುಹಾಕಿದರು.

ಈ ವರ್ಷ ಪುಡಿ ತಗಡಿನ ಡಬ್ಬಿಗಳಲ್ಲಿ ಬಂತು. ಜೊತೆಗೆ ಶಾಲೆಶಾಲೆಗೂ ಮಾರ್ಕ್ಸ್ ಹಾಕಬೇಕೆಂಬ ಆದೇಶವೂ ಬಂತು. "ನಿಮಗೇ ಚೆನ್ನಾಗ್ ಬರುತ್ತಲ್ಲ" ಎಂದು ಬಿಡಿಒ ಆ ಕೆಲಸವನ್ನು ನನ್ನ ತಲೆಗೇ ಕಟ್ಟಿದರು. ಮೊದಲ ದಿನವೇ ನಗರ ಹೋಬಳಿಯ ಎರಡು ಶಾಲೆಗಳಿಗೆ ಪಾತ್ರೆ ಕೊಳಕೆಂದು ಮಾರ್ಕ್ಸ್ ಕಡಿದು, ಗತ್ತಿನಿಂದಲೇ ಸಂಜೆ ಹೆಪ್ಪಿಗೆ ಹೋದೆ.

ನಾಗವೇಣಕ್ಕ ಲೋಟದೊಳಗೆ ಇಣುಕಿದರು. "ಊರಿಗೆಲ್ಲ ಮಾರ್ಕ್ಸ್ ಕೊಡ್ತ್ಯಡ. ಇದ್ರ ತಳ ನೋಡಿದ್ಯನೋ?"

ಮೊದಲು ಅವರ ಮಡಕೆ ತೋರಿಸಲಿ ಎಂದು ಪಟ್ಟು ಹಿಡಿದೆ. ತೋರಿಸಿದರು. ಅಂಚಿನಲ್ಲೂ ಒಂದು ಕಲೆಯಿರಲಿಲ್ಲ. ಬಾವಿಕಟ್ಟೆಗೆ ಹೋಗಿ ಲೋಟ ತೊಳೆದೆ. ಆದರೆ ಪ್ರತಿಭಟಿಸುತ್ತಲೇ ತೊಳೆದೆ.