ಎಲ್ಲೋ ಓದಿದ ವಾಕ್ಯ

ಈ ವಾಕ್ಯವನ್ನು ತಾನು ಓದಿದ್ದು ಎಲ್ಲಿ? ಬೆಳಗಿನಿಂದ ಅದು ಮೇಷ್ಟ್ರ ತಲೆಯಲ್ಲಿ ಹಲ್ಲಿನ ಸಂದಿಗೆ ಸಿಕ್ಕಿದ ನಾರಿನಂತೆ ಕೂತುಬಿಟ್ಟಿತ್ತು. ‘ಓದುಗನೆಂದರೆ ಬಾಗಿಲು ತಟ್ಟದೆ ಒಳಬಂದ ನೆಂಟ.’ ಕಾಲೇಜಿನ ಪ್ರಬಂಧ ಸ್ಪರ್ಧೆಗೆ ಎರಡನೇ ಬೆಂಚಿನ ಹುಡುಗಿ ಬರೆದದ್ದು. ಇಷ್ಟು ಚೆಂದದ ಮಾತು ಅವಳದಾಗಿರಲಿಕ್ಕಿಲ್ಲ, ಕದ್ದದ್ದೇ. ಆದರೆ ಎಲ್ಲಿಂದ? ನಾಲ್ಕು ಗಂಟೆಯೊಳಗೆ ಮೂಲ ತೋರಿಸದಿದ್ದರೆ ಮೊದಲ ಬಹುಮಾನ ಅವಳಿಗೇ ಎಂದು ಪ್ರಿನ್ಸಿಪಾಲರು ಹೇಳಿಬಿಟ್ಟಿದ್ದರು.

ಸ್ಟಾಫ್‌ರೂಮಿನಲ್ಲಿ ಬಾಯಿಬಿಟ್ಟದ್ದೇ ತಪ್ಪಾಯಿತು. ಗಣಿತದವರು ಕ್ಲಾಸು ಬಿಟ್ಟು ಕಂಪ್ಯೂಟರಿನ ಮುಂದೆ ಕೂತರು. ಇತಿಹಾಸದ ಮೇಡಂ ಗಂಡನಿಗೂ ನಾದಿನಿಗೂ ಫೋನು ಮಾಡಿ ವಾಕ್ಯ ಓದಿ ಹೇಳಿದರು. ಮಧ್ಯಾಹ್ನದ ಹೊತ್ತಿಗೆ ಗೇಟಿನ ಕಾವಲುಗಾರನಿಗೂ ಅದು ಬಾಯಿಪಾಠ. ಮೇಷ್ಟ್ರಿಗೆ ಸಾಕೆನಿಸಿತು. ಹುಡುಕುವವರಿಗೆ ಸಾಕಾಗಲಿಲ್ಲ.

ಮೂರೂವರೆಗೆ ಲೈಬ್ರರಿಯವರು ಮೈಯೆಲ್ಲ ಧೂಳು ಮಾಡಿಕೊಂಡು, ದಪ್ಪ ರಟ್ಟಿನ ಪುಸ್ತಕವೊಂದನ್ನು ಗೆದ್ದ ಕಪ್ಪಿನಂತೆ ಎತ್ತಿ ಹಿಡಿದು ಬಂದರು.

“ಸಿಕ್ತು ಸರ್, ನಲವತ್ತೊಂದನೇ ಪುಟ. ಬರೆದೋರು ಯಾರು ಹೇಳಿ ನೋಡೋಣ? ನೀವೇ. ನಿಮ್ಮ ಪಿಎಚ್‌ಡಿ ಥೀಸಿಸ್ಸು.”

ಸ್ಟಾಫ್‌ರೂಮು ಬಿದ್ದು ಬಿದ್ದು ನಕ್ಕಿತು. ಮೇಷ್ಟ್ರ ಮುಖ ಮಾತ್ರ ಈಗಷ್ಟೇ ಇಸ್ತ್ರಿ ಮಾಡಿದ ಅಂಗಿಯಂತೆ ಚಪ್ಪಟೆಯಾಯಿತು. ಎಲ್ಲ ನೆನಪಾಗಿತ್ತು. ಹೋಗಲಿ ಬಿಡಿ, ಚಿಕ್ಕವಳು, ಎಂದು ತೊದಲಿದರು. ಅವರ ದೊಡ್ಡ ಗುಣಕ್ಕೆ ತಲೆದೂಗಿದ ಸಹೋದ್ಯೋಗಿಗಳು ಹುಡುಗಿಯನ್ನು ಪ್ರಿನ್ಸಿಪಾಲರ ಕೋಣೆಗೆ ಕರೆಸಿಯೇಬಿಟ್ಟರು.

ಹುಡುಗಿ ಹೆದರಲಿಲ್ಲ. “ಸರ್ ಥೀಸಿಸ್ಸು ನಾನು ಕಣ್ಣಲ್ಲೂ ಕಂಡಿಲ್ಲ. ಅದು ನಮ್ಮಮ್ಮನ ಎಂಎ ನೋಟ್ಸಲ್ಲಿತ್ತು. ಕೊನೇ ಪುಟದಲ್ಲಿ ಅಮ್ಮನ ಹೆಸರು ಹಾಕಿದೀನಲ್ಲ, ನೋಡ್ಲಿಲ್ವಾ?”

ಮೇಷ್ಟ್ರು ಪ್ರಬಂಧದ ಕೊನೆಯ ಪುಟ ತಿರುವಿರಲೇ ಇಲ್ಲ. ಈಗ ತಿರುವಿದರು. ಅದೇ ಹೆಸರು.

“ಅಂದ್ರೆ ನಿಮ್ಮಮ್ಮ ಇವರದ್ದನ್ನ ಕಾಪಿ ಹೊಡೆದಿದಾರೆ ಅಂತಾಯ್ತು,” ಎಂದರು ಪ್ರಿನ್ಸಿಪಾಲರು. “ನಾಳೆ ಬಂದು ಕ್ಷಮೆ ಕೇಳ್ಲಿ.”

“ಬರ್ತಾರೆ ಸರ್, ನೋಟ್‌ಬುಕ್ ತಗೊಂಡೇ ಬರ್ತಾರೆ. ಅಮ್ಮ ಪ್ರತಿ ಹಾಳೆಗೂ ತಾರೀಖು ಹಾಕೋರು.”

ಪ್ರಿನ್ಸಿಪಾಲರ ಕಿವಿಗೆ ಅದು ಬಿದ್ದಂತೆ ಕಾಣಲಿಲ್ಲ. ಅವರು ಮೇಷ್ಟ್ರನ್ನು ಕೃತಿಚೌರ್ಯ ತಡೆ ಸಮಿತಿಯ ಅಧ್ಯಕ್ಷರೆಂದು ಆಗಲೇ ಘೋಷಿಸುತ್ತಿದ್ದರು. ಮೊದಲ ಉಪನ್ಯಾಸ ನಾಳೆ ಹತ್ತು ಗಂಟೆಗೆ, ಹುಡುಗಿಯ ತಾಯಿಗೆ ಮುಂದಿನ ಸಾಲಿನಲ್ಲೇ ಕುರ್ಚಿ. ಎಲ್ಲರೂ ಚಪ್ಪಾಳೆ ತಟ್ಟಿದರು.

ಮೇಷ್ಟ್ರು ಕೈಮುಗಿದರು. ಇಪ್ಪತ್ತೆರಡು ವರ್ಷಗಳ ಹಿಂದೆ ಸಹಪಾಠಿಯೊಬ್ಬಳಿಂದ ಆ ನೋಟ್‌ಬುಕ್ಕನ್ನು ಎರಡು ದಿನಕ್ಕೆಂದು ಇಸಿದುಕೊಂಡು ಆರು ತಿಂಗಳು ಇಟ್ಟುಕೊಂಡವರು ತಾವೇ ಎಂದು ಹೇಳಲಿಲ್ಲ.